ಆಗಸ್ಟಿನ ಬಸಳೆ

ಬಸಳೆ ಕಡ್ಡಿಯನ್ನು ಮಣ್ಣಿಗೆ ಊರಿ ಕ್ಯಾರೋಲ್ ಬುಡ ಒತ್ತುತ್ತಿದ್ದಾಗ ಹಿಂದೆ ಅಡುಗೆಮನೆಯ ಬಾಗಿಲು ತೆರೆಯಿತು. ಗಂಡ ಗಿಲ್ಬರ್ಟ್ ಶಾಲು ಹೊದ್ದು ಮೆಟ್ಟಿಲ ಮೇಲೆ ನಿಂತಿದ್ದ.

“ಇವತ್ತು ಇನ್ನೂ ಆಗಸ್ಟ್ ಇಪ್ಪತ್ತು. ಏನು ಮಾಡ್ತಿದ್ದೀಯ?”

ಆಗಸ್ಟೆಂದರೆ ಇನ್ನೂ ಚಳಿಗಾಲವಾದ ಆಸ್ಟ್ರೇಲಿಯಾದಲ್ಲಿ, ಅಡಿಲೇಡಿನ ಗುಡ್ಡದ ಮೇಲಿನ ಈ ಮನೆಯಲ್ಲಿ, ಅಕ್ಟೋಬರ್ ಅರ್ಧ ಕಳೆಯದೆ ಬಸಳೆ ಹೊರಗೆ ನೆಡಬಾರದು ಎಂಬುದು ಅವನದೇ ಕಾನೂನು. ಒಂದು ವರ್ಷ ಅವಳು ಅವಸರಪಟ್ಟು ನೆಟ್ಟದ್ದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಒಂದೇ ಬೆಳಗಿಗೆ ಕಪ್ಪಾಗಿತ್ತು. ಅಂದಿನಿಂದ ಚಳಿಗಾಲವಿಡೀ ಕಡ್ಡಿಗಳು ಕಿಟಕಿಯ ಬಳಿ ನೀರಿನ ಲೋಟದಲ್ಲಿ ಇರುತ್ತಿದ್ದವು. ಅವಳು ಮುಟ್ಟಿದರೂ ಗದರುತ್ತಿದ್ದ.

“ಬೇಗ ಚಿಗುರಿದ್ರೆ ನಿಮಗೆ ಸಿಗಡಿ ಹಾಕಿ ಸಾರು ಮಾಡೋಣ ಅಂತ.”

“ಕ್ರಿಸ್‌ಮಸ್ಸಿಗೆ ಮಾಡ್ತೀಯಲ್ಲ, ಪ್ರತಿ ವರ್ಷ.”

ಅವಳು ತಲೆ ಎತ್ತಲಿಲ್ಲ. ಫೋನಿನಲ್ಲಿ ಅವನಿಗೆ ಸರಿಯಾಗಿ ಕೇಳಿಸದ ಕಾರಣ ಆಸ್ಪತ್ರೆಯ ಕರೆಗಳನ್ನು ಅವಳೇ ತೆಗೆದುಕೊಳ್ಳುತ್ತಿದ್ದಳು. ಅವನ ರಿಪೋರ್ಟ್ ಬಗ್ಗೆ ನಿನ್ನೆ ಬಂದ ಕರೆ ಮುಗಿಸಿ, ‘ಏನಿಲ್ಲಂತೆ, ಅದೇ ಮಾತ್ರೆ ಸಾಕಂತೆ’ ಎಂದಿದ್ದಳು.

ಗಿಲ್ಬರ್ಟ್ ಮೆಲ್ಲಗೆ ಇಳಿದು ಬಂದು ಅವಳ ಪಕ್ಕ ಕುಳಿತ. ಗದರಲಿಲ್ಲ. ಅವಳು ಹೊರಗೆ ತಂದಿಟ್ಟಿದ್ದ ಲೋಟದಿಂದ ಇನ್ನೊಂದು ಕಡ್ಡಿ ತೆಗೆದು ಅವಳ ಮಣ್ಣಾದ ಕೈಗೆ ಕೊಟ್ಟ.

“ಡಾಕ್ಟರ್ ಯಾವ ತಿಂಗಳ ತನಕ ಅಂದ್ರು?”