ಕೋಟಿಯಲ್ಲೊಂದು ಪಾಲು

“ಆಯ್ತು ಬಿಡು, ತಪ್ಪು ನಂದೇ. ನನ್ನ ಗಡಿಯಾರಾನೇ ತಿದ್ತೀನಿ,” ಎಂದು ಗಂಡ ಫೋನಿನಲ್ಲಿ ಸೋತುಬಿಟ್ಟ. ಮನೆಯಲ್ಲಿ ಒಟ್ಟಿಗಿದ್ದಾಗಲೂ ಅವನು ಹೀಗೇ, ಜಗಳ ಕಾವೇರುವ ಮೊದಲೇ ಕೈಚೆಲ್ಲುತ್ತಿದ್ದ.

ನೂರಾರು ಮೈಲಿ ಅಂತರದ ಎರಡು ಸಮಯಮಾಪನ ಕೇಂದ್ರಗಳಲ್ಲಿ ಕೂತು, ಒಂದೇ ಉಪಗ್ರಹದ ಸಂಕೇತವನ್ನು ಒಂದೇ ಕ್ಷಣಕ್ಕೆ ಹಿಡಿದು, ಅದರಿಂದ ತಮ್ಮ ಕೇಂದ್ರಗಳ ಪರಮಾಣು ಗಡಿಯಾರಗಳನ್ನು ತಾಳೆ ನೋಡುವುದು ಗಂಡಹೆಂಡತಿ ಇಬ್ಬರ ಕೆಲಸ. ಇವತ್ತು ಬೆಳಿಗ್ಗೆಯಿಂದ ಸೆಕೆಂಡಿನ ಕೋಟಿಯಲ್ಲೊಂದು ಪಾಲು ತಾಳೆಯಾಗುತ್ತಿಲ್ಲ. “ನಂದು ಸರಿಯಾಗೇ ಇದೆ, ನಿಮ್ದೇ ಕೆಟ್ಟಿರೋದು,” ಎಂದು ಅವಳು ಹಟ ಹಿಡಿದಿದ್ದಳು. ಸುಮ್ಮನೆ ತಿದ್ದಿದರೆ, ವರ್ಷಗಟ್ಟಲೆ ತಡೆಯಿಲ್ಲದೆ ನಡೆದುಬಂದ ಅವನ ಗಡಿಯಾರದ ಲೆಕ್ಕವೆಲ್ಲ ನೀರುಪಾಲು.

ಗೆದ್ದರೂ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಫೋನು ಹಿಡಿದೇ ಬಾಗಿಲ ತನಕ ಹೋದವಳ ಕಾಲಿಗೆ ಕೇಬಲ್ ಸುರುಳಿ ತೊಡರಿತು. ಆಂಟೆನಾದ ಹಳೇ ಕೇಬಲನ್ನು ಅಳಿಲು ಕಡಿದಿದ್ದರಿಂದ ನಿನ್ನೆ ಅವಳೇ ಹೊಸದು ಹಾಕಿದ್ದಳು. ಉದ್ದ ಹೆಚ್ಚಾಯಿತೆಂದು ಮಿಕ್ಕಿದ್ದನ್ನು ಕತ್ತರಿಸದೆ ಸುತ್ತಿ ಬಾಗಿಲ ಮೂಲೆಗೆ ತಳ್ಳಿದ್ದಳು. ಅಷ್ಟೂ ಸುರುಳಿ ದಾಟಿ ಬರಲು ಸಂಕೇತಕ್ಕೆ ಹಿಡಿಯುವ ಹೊತ್ತನ್ನು ಲೆಕ್ಕದಲ್ಲಿ ಕಳೆಯುವುದನ್ನೇ ಮರೆತಿದ್ದಳು.

“ರೀ, ಮುಟ್ಟಬೇಡಿ! ತಪ್ಪು ನಂದು. ಈ ಹೊಸ ಕೇಬಲ್ಲು...”

“ಗೊತ್ತು ಕಣೇ. ಕೇಬಲ್ ಬದಲಾಯಿಸ್ದೆ ಅಂತ ನಿನ್ನೆ ನೀನೇ ಹೇಳಿದ್ಯಲ್ಲ,” ಎಂದ ಅವನು, ನಿಧಾನವಾಗಿ. “ನಾನಿನ್ನೂ ಗಡಿಯಾರದ ಹತ್ರಾನೂ ಹೋಗಿಲ್ಲ.”

ಅವಳು ಸುರುಳಿಯ ನಡುವೆಯೇ ನಿಂತಳು. ಹಾಗಾದರೆ ಮನೆಯಲ್ಲಿ ಇಷ್ಟು ವರ್ಷ ‘ತಪ್ಪು ನಂದೇ’ ಎಂದು ಅವನು ಮುಗಿಸಿದ ಜಗಳಗಳಲ್ಲಿ, ನಿಜಕ್ಕೂ ಅವನ ತಪ್ಪಿದ್ದದ್ದು ಎಷ್ಟರಲ್ಲಿ?