ಮೂರು ಪಟ್ಟೆಯ ಸಿಲಿಂಡರ್

"ಕಳ್ಳಾ! ಇದು ನಮ್ಮ ಶೆಡ್ಡಿನ ಸಿಲಿಂಡರ ಅಲ್ಲೇನಲೇ?" ಹಿಂದವಾಡಿಯ ಆ ಮನೆಯ ಪಡಸಾಲೆಯ ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರಿನ ಮೇಲಿನ ಚಾದರವನ್ನು ಕಲಂದರ ಕಿತ್ತೆಸೆದ. "ಖಾನಾಪುರದ ಕೋವಿಡ್ ಕೇಂದ್ರಕ್ಕ ಕೊಡ್ತೇನಿ ಅಂತ ಒಯ್ದಿ. ಅಲ್ಲಿ ನನ್ನ ಹೇಣ್ತಿ ರಾಜಬೀ ಉಸಿರಿಲ್ಲದ ಒದ್ದಾಡಾಕತ್ಯಾಳ. ಸಿಲಿಂಡರ ಬಂದೇ ಇಲ್ಲ ಅಂತಾರ!"

"ಇಂಥಾವು ಸಾವಿರ ಇರ್ತಾವ. ನಿಂದ ಅಂತ ಹೆಂಗ ಹೇಳ್ತಿ?" ಎಂದ ಮನೆಯ ಯಜಮಾನ ಶಿವಲಿಂಗ.

ಕಲಂದರ ಸಿಲಿಂಡರನ್ನು ತಿರುಗಿಸಿದ. ಗೋಡೆಗೆ ಮುಖ ಮಾಡಿದ್ದ ಮೂರು ಬಿಳಿ ಪಟ್ಟೆಗಳು ಈಚೆ ಬಂದವು. ಇಬ್ಬರೂ ಉದ್ಯಮಬಾಗದ ಆ ಶೆಡ್ಡಿನಲ್ಲಿ ಒಟ್ಟಿಗೆ ಗ್ಯಾಸಿನ ಉರಿಯಿಂದ ಕಬ್ಬಿಣ ಕತ್ತರಿಸುತ್ತಿದ್ದ ಕಾಲದಲ್ಲಿ, ವಿಭೂತಿ ಅಳಿಸಿಹೋಗುತ್ತದೆಂದು, ದಸರೆಯ ಖಂಡೆ ಪೂಜೆಯ ದಿನ ಶಿವಲಿಂಗನೇ ಪೇಂಟಿನಲ್ಲಿ ಬೆರಳದ್ದಿ ಎಳೆದ ಪಟ್ಟೆಗಳು. ಈಗ ಅವನು ಲೀಡರ್.

"ಅವ್ವನ ಸಲುವಾಗಿ ಇಟ್ಟೇನೋ," ಶಿವಲಿಂಗನ ದನಿ ಇಳಿಯಿತು. "ವಯಸ್ಸಾಗೇತಿ. ನಾಳೆ ಏನರ ಆದ್ರ?"

ಒಳಗೆ ಚಹಾ ಕುಡಿಯುತ್ತಿದ್ದ ಅವನ ಅವ್ವ ಬಾಳವ್ವ ಹೊರಗೆ ಬಂದಳು. ಸಿಲಿಂಡರಿನ ಪಟ್ಟೆಗಳನ್ನು ನೋಡಿದಳು, ಮಗನ ಹಣೆಯ ವಿಭೂತಿಯನ್ನೂ ನೋಡಿದಳು.

"ನನ್ನ ಸಲುವಾಗಿ ಇಟ್ಟಿ, ಹೌದಿಲ್ಲೋ? ಹಂಗಾದ್ರ ನಾ ಹೋದಲ್ಲಿ ಅದೂ ಬರಬೇಕು. ಕಲಂದರ, ಉರುಳ್ಸೋ ಅದನ್ನ. ಖಾನಾಪುರಕ್ಕ ನಡಿ."

"ಅವ್ವಾ, ಅಲ್ಲಿ ರೋಗ ಐತಿ!"

"ಇಲ್ಲೇನು ಕಡಿಮಿ ಐತೇನು?"

ಕಲಂದರ ಸಿಲಿಂಡರನ್ನು ಓರೆ ಮಾಡಿ, ಅಂಚಿನ ಮೇಲೆ ಉರುಳಿಸುತ್ತ ಟೆಂಪೋದತ್ತ ನಡೆದ. ಬಾಳವ್ವ ಸೆರಗನ್ನು ಮೂಗಿಗೆ ಬಿಗಿದುಕೊಂಡು ಅವನ ಹಿಂದೆ ಮೆಟ್ಟಿಲಿಳಿದಳು. ಆಮೇಲೆ ಮಗ ಎಷ್ಟು ಕರೆದರೂ ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ.