ಮೆಟ್‌ಕಾಫ್ ನಿಂತ ಜಾಗ

ಕಬ್ಬಿಣದ ಸಲಾಕೆ ಈ ಸಲವೂ ಬೆಣ್ಣೆಗಿಳಿದಂತೆ ನೆಲಕ್ಕಿಳಿಯಿತು. ಕಲ್ಲು ತಾಕಲೇ ಇಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮನ್ ಸೈನಿಕರು ಹಾಸಿದ ಕಲ್ಲುದಾರಿಯ ಜಾಡು ಹಿಡಿದು ಇಂಗ್ಲೆಂಡಿನ ಯಾರ್ಕ್‌ಶೈರಿನ ಮೂರು ಊರು ದಾಟಿ ಬಂದಿದ್ದಳು ಪುರಾತತ್ವಜ್ಞೆ ಹೆಸ್ಟರ್. ಅದು ಈ ಹುಲ್ಲುಗಾವಲಿನಲ್ಲಿ ಮಾಯವಾಗಿತ್ತು. ಬೇಲಿಯಾಚೆ ಅಗೆಯುವ ಯಂತ್ರ ಗುರುಗುಡುತ್ತಿತ್ತು. ದಾರಿ ಸಿಕ್ಕರೆ ಕಾನೂನಿನ ಪ್ರಕಾರ ಇಲ್ಲಿ ಹೊಸ ಕೊಟ್ಟಿಗೆಯ ಪಾಯ ತೋಡುವಂತಿಲ್ಲ. ಸಿಗದಿದ್ದರೆ ಯಂತ್ರ ಈಗಲೇ ಒಳಗೆ ನುಗ್ಗುತ್ತದೆ.

"ಆಯ್ತೇನಮ್ಮಾ ಚುಚ್ಚಿದ್ದು?" ಎಂದ ಜಮೀನಿನ ಯಜಮಾನ, ಮುದುಕ ಮೆಟ್‌ಕಾಫ್. "ನಮ್ಮಜ್ಜನ ಕಾಲದಿಂದ ಇಲ್ಲೇ ಕುರಿ ಮೇಯಿಸ್ತಿದೀವಿ. ದಾರಿನೂ ಇಲ್ಲ, ಮಣ್ಣೂ ಇಲ್ಲ, ಬರೀ ಕೆಸರು. ಬೇಕಾದ್ರೆ ನಿನ್ನ ಕಾಲೇ ನೋಡ್ಕೋ ತಾಯಿ!"

ಹೆಸ್ಟರ್ ನೋಡಿಕೊಂಡಳು. ಕಣಕಾಲಿನವರೆಗೂ ಹೂತಿತ್ತು. ಸೋತು ಸಲಾಕೆ ಕಿತ್ತುಕೊಳ್ಳುವಾಗ ಅವಳ ಕಣ್ಣು ಮುದುಕನ ಬೂಟುಗಳ ಮೇಲೆ ಬಿತ್ತು. ಬೆಳಗಿನಿಂದ ಒಂದೇ ಕಡೆ ನಿಂತಿದ್ದ ಮನುಷ್ಯ ಬೆರಳಿನಷ್ಟೂ ಹೂತಿರಲಿಲ್ಲ. ಕುರಿ ಕಾಯುವವರ ಕಾಲು ಗಟ್ಟಿ ನೆಲವನ್ನು ತಾನಾಗಿಯೇ ಹುಡುಕಿಕೊಳ್ಳುತ್ತದೆ.

"ಮೆಟ್‌ಕಾಫ್ ಅವರೇ," ಎಂದಳು ಹೆಸ್ಟರ್, "ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಬರ್ತೀರಾ?"

ಆತ ಪಕ್ಕದ ಕೆಸರನ್ನು ನೋಡಿದ. ತನ್ನ ಬೂಟುಗಳನ್ನು ನೋಡಿಕೊಂಡ. ಆಮೇಲೆ, ತಲೆಯೆತ್ತದೆಯೇ, ಯಂತ್ರದವನಿಗೆ ನಿಲ್ಲಿಸು ಎಂದು ಕೈಸನ್ನೆ ಮಾಡಿದ.